ಚಿಸಾಸಿಬಿಯಿಂದ ಉತ್ತರ ಬಂದಿಲ್ಲ ಅಂದರೆ

ಹೆಚ್ಚಾಗಿ ಕಾರಣ ಹೆಬ್ಬಾತು ಬೇಟೆ. ಕೆನಡಾದ ಜೇಮ್ಸ್ ಕೊಲ್ಲಿಯ ಈಲ್‌ಗ್ರಾಸ್ (ಸಮುದ್ರದ ನೀರಿನಡಿ ಬೆಳೆಯುವ ಹುಲ್ಲಿನಂಥ ಸಸ್ಯ) ಅಧ್ಯಯನಕ್ಕೆ ಒಪ್ಪಿಗೆ ಕೇಳಿ, ಅಲ್ಲಿನ ಮೂಲನಿವಾಸಿ ಕ್ರೀ ಜನರ ಊರಾದ ಚಿಸಾಸಿಬಿಗೆ ಏಪ್ರಿಲ್ ಕೊನೆಗೆ ಬರೆದೆ, ತಿಂಗಳಾದರೂ ಉತ್ತರವಿಲ್ಲ ಅಂದಿದ್ದೀರಿ. ಆ ಹೊತ್ತಿಗೆ ಕ್ರೀ ಊರುಗಳಲ್ಲಿ ಶಾಲೆ, ಕಚೇರಿಗಳಿಗೆ ರಜೆ. ಜನ ಸಂಸಾರ ಸಮೇತ ಬೇಟೆ ಬಿಡಾರಗಳಲ್ಲಿ ಇರುತ್ತಾರೆ. ನಿಮ್ಮ ಪತ್ರ ನಾನು ನೋಡಿಲ್ಲ, ಇದು ಅಂದಾಜು. ಆದರೆ ನನಗೂ ಹೀಗೇ ಆಗಿತ್ತು.

ಜೂನ್‌ನಲ್ಲಿ ಮತ್ತೆ ಪ್ರಯತ್ನಿಸಿ, ಆದರೆ ಅದೇ ಪತ್ರ ಸುಮ್ನೆ ಕಳಿಸಬೇಡಿ. ಮೊದಲು ಬ್ಯಾಂಡ್ ಕೌನ್ಸಿಲ್‌ಗೂ (ಊರಿನ ಆಡಳಿತ ಮಂಡಳಿ) ಬೇಟೆಗಾರರ ಸಂಘವಾದ ಕ್ರೀ ಟ್ರ್ಯಾಪರ್ಸ್ ಅಸೋಸಿಯೇಷನ್‌ಗೂ ಫೋನ್ ಮಾಡಿ. ನೀವು ಮಾದರಿ ತೆಗೆಯುವ ಜಾಗ ಯಾರ ಟ್ರ್ಯಾಪ್‌ಲೈನ್‌ಗೆ, ಅಂದರೆ ಯಾವ ಕುಟುಂಬದ ಬೇಟೆ ಪ್ರದೇಶಕ್ಕೆ, ಸೇರುತ್ತೆ ಅಂತ ಕೇಳಿ. ಕ್ರೀ ಜನರ ನಾಡಾದ ಈಯು ಇಸ್ಚಿಯಲ್ಲಿ ಇಂಥವು ಸುಮಾರು 300 ಇವೆ, ಅವನ್ನು ನೋಡಿಕೊಳ್ಳುವವರೇ ಟ್ಯಾಲಿಮನ್. 1990ರ ದಶಕದ ಕೊನೆಗೆ ಕರಾವಳಿಯ ಈಲ್‌ಗ್ರಾಸ್ ಕುಸಿದದ್ದು, ಹೆಬ್ಬಾತುಗಳು ಕಡಿಮೆಯಾದದ್ದು, ಎಲ್ಲವನ್ನೂ ದೋಣಿಯಿಂದ ಕಣ್ಣಾರೆ ಕಂಡವರು ಅಲ್ಲಿನ ಬೇಟೆಗಾರರು. ಸಿದ್ಧ ಪ್ರಶ್ನೆ ಹೊತ್ತುಕೊಂಡು ಹೋಗಬೇಡಿ, ಅವರ ಜೊತೆ ಕೂತು ಪ್ರಶ್ನೆ ರೂಪಿಸಿ. ಇದೇ ಎಲ್ಲಕ್ಕಿಂತ ಮುಖ್ಯ.

ಆಮೇಲೆ ಮಾಹಿತಿ ಯಾರ ಸ್ವತ್ತು, ಎಲ್ಲಿ ಇಡಬೇಕು, ಯಾರು ನೋಡಬಹುದು ಅನ್ನೋದು ಬರವಣಿಗೆಯಲ್ಲಿ ಬರಲಿ. ಜೊತೆಗೆ ಬರುವವರ ದೋಣಿ, ಪೆಟ್ರೋಲ್, ದಿನಗೂಲಿಯನ್ನು ಬಜೆಟ್‌ಗೆ ಸೇರಿಸಿ. ಸಹಿಯಾದ ಪ್ರತಿಯನ್ನು ನಿಮ್ಮ ಯೂನಿವರ್ಸಿಟಿಯ ಎಥಿಕ್ಸ್ ಬೋರ್ಡ್‌ಗೆ ಕೊಡಿ.