ಜಾತಿ ಒಂದೇ ಆದ್ರ ಹೊಂದಾಣಿಕೆ ತಾನಾಗೇ ಬರಂಗಿಲ್ರಿ

ನೀವು ಸಿಂಧನೂರಿನವರು, ಪ್ರೀತಿಸಿದಾಕಿ ಸಿರುಗುಪ್ಪದಾಕಿ, ಜಾತಿ ಬೇರೆ, ಮನ್ಯಾಗ ನೋಡಿದ್ರ ನಿಮ್ಮ ಜಾತಿದೇ ಬೆಂಗಳೂರಾಗ ಬೆಳದ ಹುಡುಗಿನ್ನ ತೋರಸಿ 'ನಮ್ಮೋರಾದ್ರ ಹೊಂದ್ಕೊಂತಾಳ' ಅನ್ನಾಕತ್ಯಾರ, ಇದು ಖರೇನಾ ಅಂತ ಕೇಳೀರಿ.

ಅರ್ಧ ಖರೇ. ದೇವರು, ಹಬ್ಬ, ನೆಂಟರ ಲೆಕ್ಕ ಕೂಡತಾವ, ಅಷ್ಟೇ. ಸಿರುಗುಪ್ಪ ಅಂದ್ರ ತುಂಗಭದ್ರಾ ದಾಟಿದ್ರ ಆಯ್ತು, ಆ ಕಡೆ 1953ರ ತನಕ ಮದ್ರಾಸ್ ಸರ್ಕಾರ, ನಮ್ಮ ಕಡೆ 1948ರ ತನಕ ಹೈದರಾಬಾದ್ ನಿಜಾಮ, ಆದ್ರೂ ಈಗ ಎರಡೂ ಕಡೆ ಕಾಲುವಿ ನೀರು, ಭತ್ತ, ಮುಂಜಾನೆ ಮಂಡಕ್ಕಿ ಒಗ್ಗರಣಿ, ಮಿರ್ಚಿ. ಕಾಲುವಿಗೆ ನೀರು ಬಿಡ್ಲಿಲ್ಲಂದ್ರ ಮನ್ಯಾಗ ಯಾಕ ಎಲ್ಲಾರೂ ಸಿಟ್ಟಿಗೇಳ್ತಾರ ಅಂತ ಆಕಿಗೆ ಬಿಡಿಸಿ ಹೇಳೋದು ಬ್ಯಾಡ. ಬೆಂಗಳೂರಿನಾಕಿಗೆ ಹೇಳ್ಬೇಕು (ಆಕಿ ತಪ್ಪಲ್ಲ ಬಿಡ್ರಿ ಪಾಪ).

ಹಂಗಂತ ಒಗ್ಗರಣಿ ನೋಡಿ ಮದುವಿ ಆಗಬ್ಯಾಡ್ರಿ ಮತ್ತ. ಜಗಳ ಬರೋದು ರೊಕ್ಕದ ಮ್ಯಾಲೆ. ಆಕಿ ಪಗಾರದಾಗ ತವರಿಗೆ ಎಷ್ಟು ಕೊಡ್ತಾಳ, ನೌಕರಿ ಬಿಡು ಅಂತ ನಿಮ್ಮವ್ವ ಅಂದ್ರ ನೀವು ಯಾರ ಕಡೆ ನಿಲ್ತೀರಿ, ಅವರ ಮನ್ಯಾಗ ಮಟನ್ ತಿಂತಾರ ನಿಮ್ಮಲ್ಲಿ ಇಲ್ಲಂದ್ರ ಆಕಿ ಏನು ಮಾಡ್ಬೇಕು, ಹುಟ್ಟೋ ಮಕ್ಕಳ ಜಾತಿ ಶಾಲಿ ಅರ್ಜಿಯಾಗ ಏನಂತ ಬರೀತೀರಿ, ಇವನ್ನೆಲ್ಲ ಈಗ್ಲೇ ಬಾಯಿಬಿಟ್ಟು ಮಾತಾಡ್ರಿ. ಮಾತಾಡಾಕ ನಾಚಿಕಿ ಆದ್ರ ಇನ್ನೂ ಟೈಮ್ ತಗೋರಿ.

ಮನಿಯವರು ಒಪ್ಪಲೇ ಇಲ್ಲಂದ್ರ ಜಾತಿ, ಧರ್ಮ ಬೇರೆ ಆದ್ರೂ ಮದುವಿ ಆಗಾಕ 1954ರ ವಿಶೇಷ ವಿವಾಹ ಕಾಯ್ದೆ ಐತಿ, ಆದ್ರ 30 ದಿನದ ನೋಟಿಸ್ ಮದುವಿ ನೋಂದಣಿ ಆಫೀಸಿನಾಗ ಹಚ್ತಾರ, ಊರಿಗೆಲ್ಲ ಗೊತ್ತಾಗ್ತದ. ಅದಕ್ಕ ಅಪ್ಪಾಜಿಗೆ ನೀವೇ ಮೊದ್ಲು ಹೇಳಿಬಿಡ್ರಿ.