ನನ್ನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆದರೆ ಸಾಕಲ್ವಾ?

ಪ್ರಶ್ನೆ: ಸರ್, ಕನ್ನಡದ ಒಂದು ಫಾಂಟನ್ನು ಆರ್ಚ್ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ಗೆ ಪ್ಯಾಕೇಜ್ ಮಾಡಲು ಪಿಕೆಜಿಬಿಲ್ಡ್ (ಪ್ಯಾಕೇಜ್ ತಯಾರಿಸುವ ಸೂಚನೆಗಳ ಫೈಲ್) ಬರೆದಿದ್ದೇನೆ. ನನ್ನಲ್ಲಿ ಸರಿಯಾಗಿ ಬಿಲ್ಡ್ ಆಗುತ್ತದೆ. ಗೆಳೆಯ ‘ಫಾಂಟ್ ಕೆಲಸ’ ಅನ್ನೋ ಫೋಲ್ಡರ್‌ನಲ್ಲಿಟ್ಟು ಓಡಿಸಿದರೆ ಎರರ್. ಸ್ಕ್ರಿಪ್ಟ್ ನೋಡಿದವರೊಬ್ಬರು ವೇರಿಯಬಲ್‌ಗಳ ಸುತ್ತ ಕೋಟ್ ಇಲ್ಲ, ಹೆಸರಿನ ಮುಂದೆ ಅಂಡರ್‌ಸ್ಕೋರ್ ಇಲ್ಲ ಅಂತ ತಪ್ಪು ಪಟ್ಟಿ ಮಾಡಿದರು. ಇದೆಲ್ಲ ಬರೀ ಚೆಂದಕ್ಕೆ ಅಲ್ವಾ?

ಉತ್ತರ: ಅಲ್ಲ. ನಿಮ್ಮ ಗೆಳೆಯನ ಎರರ್‌ಗೆ ಆ ಕೋಟ್ ಇಲ್ಲದ್ದೇ ಕಾರಣ ಇರಬೇಕು.

ಪಿಕೆಜಿಬಿಲ್ಡ್ ಅಂದರೆ ಬ್ಯಾಶ್ (ಲಿನಕ್ಸ್‌ನಲ್ಲಿ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಸ್ಕ್ರಿಪ್ಟೇ. ಪಿಕೆಜಿಡಿರ್ ಅನ್ನೋ ವೇರಿಯಬಲ್‌ನಲ್ಲಿ ಪ್ಯಾಕೇಜ್‌ನ ಫೈಲ್‌ಗಳನ್ನು ಜೋಡಿಸುವ ಫೋಲ್ಡರ್‌ನ ಪೂರ್ತಿ ದಾರಿ ಇರುತ್ತದೆ. ಡಬಲ್ ಕೋಟ್ ಹಾಕದಿದ್ದರೆ ‘ಫಾಂಟ್’ ಮತ್ತು ‘ಕೆಲಸ’ ನಡುವಿನ ಸ್ಪೇಸ್ ಸಿಕ್ಕಿದಲ್ಲಿ ಬ್ಯಾಶ್ ಅದನ್ನು ಎರಡು ತುಂಡು ಮಾಡುತ್ತದೆ. ಇನ್‌ಸ್ಟಾಲ್ ಕಮಾಂಡ್ ಆದರೆ ಎರರ್ ಕೊಟ್ಟು ನಿಲ್ಲುತ್ತದೆ. ಅದೇ ಜಾಗದಲ್ಲಿ ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಇದ್ದಿದ್ದರೆ? ಪಕ್ಕದಲ್ಲಿ ‘ಫಾಂಟ್’ ಅಂತ ಬೇರೆ ಫೋಲ್ಡರ್ ಇದ್ದರೆ ಅದೇ ಅಳಿಸಿಹೋಗುತ್ತಿತ್ತು. 2011ರಲ್ಲಿ ಬಂಬಲ್‌ಬೀ ಅನ್ನೋ ಲಿನಕ್ಸ್ ಗ್ರಾಫಿಕ್ಸ್ ಸಾಫ್ಟ್‌ವೇರ್ ಯೋಜನೆಯ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ ತಪ್ಪಿ ಸೇರಿದ ಒಂದೇ ಒಂದು ಸ್ಪೇಸ್ ಬಳಕೆದಾರರ ಪ್ರೋಗ್ರಾಂಗಳೆಲ್ಲ ಇರುವ ಇಡೀ ಯುಎಸ್‌ಆರ್ ಫೋಲ್ಡರನ್ನೇ ಅಳಿಸಿತ್ತು. ಹಾಗಾಗಿ ಪಿಕೆಜಿಡಿರ್, ಎಸ್‌ಆರ್‌ಸಿಡಿರ್ (ಸೋರ್ಸ್ ಇರುವ ಫೋಲ್ಡರ್‌ನ ದಾರಿ) ಎಲ್ಲಿ ಬಂದರೂ ಕೋಟ್ ಹಾಕಿ. ಈ ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ನೀವೇ ಹುಟ್ಟುಹಾಕಿದ ವೇರಿಯಬಲ್‌ಗಳ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗಲಿ. ಪಿಕೆಜಿಬಿಲ್ಡ್ ಓದಿ ಪ್ಯಾಕೇಜ್ ತಯಾರಿಸುವ ಮೇಕ್‌ಪಿಕೆಜಿ ತನ್ನ ಕೆಲಸಕ್ಕೂ ವೇರಿಯಬಲ್‌ಗಳನ್ನು ಇಟ್ಟುಕೊಂಡಿರುತ್ತದೆ. ಹೆಸರು ಒಂದೇ ಆಗಿಬಿಟ್ಟರೆ ಬಿಲ್ಡ್ ಎಲ್ಲೋ ಕೆಡುತ್ತದೆ, ಕಾರಣ ಹುಡುಕೋದು ಬಲು ಕಷ್ಟ.

ಸೋರ್ಸ್ ಫೈಲ್ ‘ವಿ1.0’ ಅನ್ನೋ ಹೆಸರಲ್ಲೇ ಡೌನ್‌ಲೋಡ್ ಆಗುತ್ತಿದ್ದರೆ ಅದನ್ನೂ ಬದಲಿಸಿ. ತುಂಬಾ ಜನ ಎಲ್ಲ ಪ್ಯಾಕೇಜ್‌ಗಳ ಸೋರ್ಸನ್ನು ಒಂದೇ ಫೋಲ್ಡರ್‌ನಲ್ಲಿ ಇಡುತ್ತಾರೆ. ಅಲ್ಲಿ ಬೇರೆ ಯಾವುದೋ ಪ್ರಾಜೆಕ್ಟ್‌ನ ‘ವಿ1.0’ ಮೊದಲೇ ಇದ್ದರೆ ಚೆಕ್‌ಸಮ್ (ಫೈಲ್ ಸರಿಯಾದದ್ದೇ ಅಂತ ಪರೀಕ್ಷಿಸುವ ಸಂಖ್ಯೆ) ತಾಳೆಯಾಗುವುದಿಲ್ಲ. ಪ್ಯಾಕೇಜ್ ಹೆಸರು, ವರ್ಷನ್ ಎರಡನ್ನೂ ಸೇರಿಸಿ, ಮುಂದೆ ಎರಡು ಕೋಲನ್ ಹಾಕಿ, ಆಮೇಲೆ ಲಿಂಕ್ ಬರೆಯಿರಿ. ಚೆಕ್‌ಸಮ್ ಜಾಗದಲ್ಲಿ ಸುಮ್ನೆ ‘ಸ್ಕಿಪ್’ ಅಂತ ಬರೆಯಬೇಡಿ. ಅದು ಗಿಟ್‌ನಿಂದ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಾಧನ) ನೇರ ತರುವ ಸೋರ್ಸ್‌ಗಳಿಗೆ ಇರುವ ಅನುಕೂಲ.

ಫಾಂಟ್‌ನಲ್ಲಿ ಪ್ರೊಸೆಸರ್‌ಗೆ ತಕ್ಕಂತೆ ಬದಲಾಗುವಂಥದ್ದು ಏನೂ ಇಲ್ಲ, ಆರ್ಚ್ ಸಾಲಿನಲ್ಲಿ ‘ಎನಿ’ ಸಾಕು. ಲೈಸೆನ್ಸ್ ಓಎಫ್‌ಎಲ್ (ಓಪನ್ ಫಾಂಟ್ ಲೈಸೆನ್ಸ್) ಆಗಿದ್ದರೆ ಅದರ ಫೈಲನ್ನೂ ಪ್ಯಾಕೇಜ್‌ಗೆ ಸೇರಿಸಿ, ಫಾಂಟ್ ಮಾಡಿದವರ ಕಾಪಿರೈಟ್ ಸಾಲು ಅದರಲ್ಲೇ ಇರುತ್ತದೆ. ಸ್ಕ್ರಿಪ್ಟ್ ಮಾತ್ರ ತಿದ್ದಿದರೆ ಪಿಕೆಜಿರೆಲ್ (ಪ್ಯಾಕೇಜ್‌ನ ಬಿಡುಗಡೆ ಸಂಖ್ಯೆ) ಒಂದು ಹೆಚ್ಚಿಸಿ, ಫಾಂಟ್‌ನ ಹೊಸ ವರ್ಷನ್ ಬಂದಾಗ ಮತ್ತೆ 1ಕ್ಕೆ ತನ್ನಿ. ಇಂಡೆಂಟ್‌ಗೆ ಟ್ಯಾಬೋ ಎರಡು ಸ್ಪೇಸೋ ನಿಮ್ಮಿಷ್ಟ, ಎರಡನ್ನೂ ಬೆರೆಸಬೇಡಿ ಅಷ್ಟೇ.

ಇಷ್ಟಾದ ಮೇಲೆ ತಪ್ಪು ಹುಡುಕುವ ನೇಮ್‌ಕ್ಯಾಪ್ ಓಡಿಸಿ. ಪಿಕೆಜಿಬಿಲ್ಡ್ ಮೇಲೆ ಒಮ್ಮೆ, ತಯಾರಾದ ಪ್ಯಾಕೇಜ್ ಮೇಲೆ ಇನ್ನೊಮ್ಮೆ. ಕೊನೆಗೆ ಡೆವ್‌ಟೂಲ್ಸ್ ಅನ್ನೋ ಪ್ಯಾಕೇಜ್ ಹಾಕಿಕೊಂಡು ಕ್ಲೀನ್ ಕ್ರೂಟ್‌ನಲ್ಲಿ (ನಿಮ್ಮ ಸಿಸ್ಟಮ್‌ನಿಂದ ಬೇರೆಯಾಗಿರುವ, ಮೂಲ ಪ್ಯಾಕೇಜ್‌ಗಳಷ್ಟೇ ಇರುವ ಜಾಗ) ಬಿಲ್ಡ್ ಮಾಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಫಾಂಟ್ ತಯಾರಿಸುವ ಫಾಂಟ್‌ಫೋರ್ಜ್ ಮೊದಲೇ ಇದ್ದು, ಮೇಕ್‌ಡಿಪೆಂಡ್ಸ್‌ನಲ್ಲಿ (ಬಿಲ್ಡ್ ಮಾಡಲು ಬೇಕಾದ ಪ್ಯಾಕೇಜ್‌ಗಳ ಪಟ್ಟಿ) ಬರೆಯೋದು ಮರೆತಿದ್ದರೆ ಅಲ್ಲಿ ತಕ್ಷಣ ಗೊತ್ತಾಗುತ್ತದೆ.