ರಸ್ತೆ ಅಗಲವಾದರೆ ದಟ್ಟಣೆ ಕರಗುವುದೇ?

ಪ್ರಶ್ನೆ: ನಮ್ಮ ಭಾಗದಲ್ಲಿ ಬಡಾವಣೆಗಳು ಬೆಳೆಯುತ್ತಲೇ ಇವೆ. ಸಂಚಾರ ಸುಧಾರಣೆಯ ಕುರಿತು ನಡೆದ ಸಾರ್ವಜನಿಕ ಸಭೆಯಲ್ಲಿ ಹೆಚ್ಚಿನವರು ರಸ್ತೆ ಅಗಲಗೊಳಿಸುವಂತೆ ಕೋರಿದರು. ನಾನು ಮಾತ್ರ ಬಸ್ಸುಗಳನ್ನು ಹೆಚ್ಚಿಸಿ ಎಂದೆ. ನನ್ನ ನಿಲುವು ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ. ರಸ್ತೆ ಅಗಲವಾದ ಹೊಸದರಲ್ಲಿ ಸಂಚಾರ ಸರಾಗವಾಗುವುದು ನಿಜವಾದರೂ, ಅದನ್ನೇ ನಂಬಿ ಜನರು ಇನ್ನಷ್ಟು ದೂರದಲ್ಲಿ ಮನೆ ಕಟ್ಟಿಕೊಂಡು ಸ್ವಂತ ವಾಹನಗಳಲ್ಲಿ ಓಡಾಡತೊಡಗುವುದರಿಂದ ದಟ್ಟಣೆ ಬಹುಪಾಲು ಮರಳಿ ಬರುತ್ತದೆ. ಬ್ರೆಜಿಲಿನ ಕುರಿಟಿಬಾ ನಗರವು 1974ರಲ್ಲೇ ಬಸ್ಸುಗಳಿಗೆ ಪ್ರತ್ಯೇಕ ಪಥ ಮೀಸಲಿಟ್ಟು, ಅದರ ಉದ್ದಕ್ಕೂ ಎತ್ತರದ ಕಟ್ಟಡಗಳಿಗೆ ಅವಕಾಶ ನೀಡಿ, ತನ್ನ ಬೆಳವಣಿಗೆಯನ್ನೇ ಸಾರಿಗೆಯ ಜಾಡಿಗೆ ತಂದುಕೊಂಡಿತು.

ಆದರೆ ತಾವು ಬಸ್ಸುಗಳ ಸಂಖ್ಯೆಯನ್ನಷ್ಟೇ ಕೇಳದೆ, ಒಂದು ಬಸ್ಸಿಗೂ ಮುಂದಿನದಕ್ಕೂ ಇರುವ ಅಂತರವನ್ನು ಕೇಳಿ. 30 ನಿಮಿಷಕ್ಕೊಂದು ಬಸ್ಸಿದ್ದರೆ, ವೇಳೆ ನೋಡದೆ ಬಂದವರು ಸರಾಸರಿ 15 ನಿಮಿಷ ಕಾಯಬೇಕಾಗುತ್ತದೆ. 10 ನಿಮಿಷಕ್ಕೊಂದಾದರೆ 5 ನಿಮಿಷ ಸಾಕು. ನಡುವೆ ಬಸ್ಸು ಬದಲಿಸಬೇಕಾದವರಿಗೆ ಈ ಕಾಯುವಿಕೆ ಎರಡು ಬಾರಿ.

ನನ್ನನ್ನು ಹೆಚ್ಚು ಕಾಡುವುದು ನಿಲ್ದಾಣದವರೆಗಿನ ದಾರಿ. ಚರಂಡಿಯ ಮುರಿದ ಚಪ್ಪಡಿಯೊಂದರ ಬಳಿ ಪಾದಚಾರಿ ಮಾರ್ಗ ಕೊನೆಗೊಂಡು, ಕೋಲೂರಿ ಬರುವ ವೃದ್ಧೆಯೊಬ್ಬರು ಅಲ್ಲಿಂದ ವಾಹನಗಳ ನಡುವೆ ರಸ್ತೆಗಿಳಿಯಬೇಕಾದರೆ, ಎಷ್ಟು ಬಸ್ಸುಗಳು ಓಡಿದರೂ ಅವರ ಪಾಲಿಗೆ ಅವು ಇಲ್ಲದಂತೆಯೇ. ಅಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸುವಾಗ ಅಂತಹ ಚಪ್ಪಡಿಗಳು ಇರುವ ಜಾಗವನ್ನೂ ದಯವಿಟ್ಟು ನಮೂದಿಸಿ.